ಸ್ಪೀಡ್‌ಬಾಲ್‌ಗೆ ಕಡಿಮೆ ಬೆಲೆಯ ಮಾರ್ಕರ್ ಯಾವುದು? ಸಿಒಟು ಸಾಕಾ, ಏರ್ ಟ್ಯಾಂಕೇ ಬೇಕಾ?

ಸ್ಪೀಡ್‌ಬಾಲ್ ಅಂದರೆ ಚಿಕ್ಕ ಮೈದಾನದಲ್ಲಿ ವೇಗವಾಗಿ ಆಡುವ ಪೇಂಟ್‌ಬಾಲ್, ಮಾರ್ಕರ್ ಅಂದರೆ ಅದರಲ್ಲಿ ಪೇಂಟ್ ತುಂಬಿದ ಗುಂಡು ಹೊಡೆಯುವ ಗನ್. ಬಾಡಿಗೆ ಮಾರ್ಕರ್‌ನಲ್ಲಿ ಆಡಿ ಸಾಕಾಗಿದೆ, ಸ್ವಂತದ್ದು ತಗೋಬೇಕು, ಆದರೆ ಬಜೆಟ್ ಕಡಿಮೆ ಅಂತ ಬರೆದಿದ್ದೀರಿ. ಸಿಒಟು (ಇಂಗಾಲದ ಡೈಆಕ್ಸೈಡ್) ಬಾಟಲಿ ಅಗ್ಗಕ್ಕೆ ಸಿಗುತ್ತದೆ, ಅದರಲ್ಲೇ ಶುರು ಮಾಡಲಾ ಅಂತಲೂ ಕೇಳಿದ್ದೀರಿ. ನನ್ನ ಉತ್ತರ: ಸಿಒಟು ಬೇಡ. ಇರುವ ದುಡ್ಡನ್ನೆಲ್ಲ ಮಾರ್ಕರ್‌ಗೆ ಸುರಿಯುವುದೂ ಬೇಡ. ಮೊದಲು ಒಳ್ಳೆಯ ಮಾಸ್ಕ್, ಆಮೇಲೆ ಒತ್ತಿ ತುಂಬಿದ ಗಾಳಿಯ ಏರ್ ಟ್ಯಾಂಕ್, ಆಮೇಲೆ ಲೋಡರ್ ಅಂದರೆ ಮಾರ್ಕರ್ ಮೇಲೆ ಕೂರುವ ಗುಂಡಿನ ಡಬ್ಬಿ. ಉಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಮಾರ್ಕರ್ ನೋಡಿ. ನಾಳೆ ಮಾರ್ಕರ್ ಬದಲಾಯಿಸಿದರೂ ಮೊದಲ ಮೂರು ನಿಮ್ಮ ಜೊತೆಗೇ ಇರುತ್ತವೆ.

ಮಾಸ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಪದರದ ಥರ್ಮಲ್ ಲೆನ್ಸ್ ಇರುವುದನ್ನೇ ತಗೊಳ್ಳಿ. ಓಡಿ ಬಂಕರ್ (ಮೈದಾನದಲ್ಲಿ ಅಡಗಲು ಇಟ್ಟ ತಡೆ) ಹಿಂದೆ ಕೂತ ತಕ್ಷಣ ಲೆನ್ಸ್ ಮಂಜಾದರೆ ಎಂಥಾ ಮಾರ್ಕರ್ ಇದ್ದೂ ಪ್ರಯೋಜನ ಇಲ್ಲ.

ಸಿಒಟು ಯಾಕೆ ಬೇಡ? ಬಾಟಲಿಯೊಳಗೆ ಅದು ದ್ರವವಾಗಿರುತ್ತದೆ. ಹೊಡೆದಂತೆಲ್ಲ ಆ ದ್ರವ ಅನಿಲವಾಗಬೇಕು, ಹಾಗಾಗುವಾಗ ಬಾಟಲಿ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಸ್ಪೀಡ್‌ಬಾಲ್‌ನಲ್ಲಿ ಬೇಗ ಬೇಗ ಹೊಡೆಯುವುದೇ ಆಟ, ಅಲ್ವಾ? ಅಲ್ಲೇ ಅದು ಕೈಕೊಡುತ್ತದೆ. ಮೊದಲ ಗುಂಡು ಒಂದು ವೇಗ, ಹತ್ತನೆಯದು ಇನ್ನೊಂದು ವೇಗ. ಹೆಚ್ಚಿನ ಮೈದಾನಗಳಲ್ಲಿ ಸೆಕೆಂಡಿಗೆ 300 ಅಡಿ ಅಥವಾ ಅದಕ್ಕಿಂತ ಕಡಿಮೆ ಮಿತಿ ಇರುತ್ತದೆ. ಬೆಳಗ್ಗೆ ತಂಪಿನಲ್ಲಿ ಕ್ರೋನೋದಲ್ಲಿ (ಗುಂಡಿನ ವೇಗ ಅಳೆಯುವ ಯಂತ್ರ) ಪಾಸಾದ ಮಾರ್ಕರ್ ಮಧ್ಯಾಹ್ನದ ಬಿಸಿಲಿಗೆ ಮಿತಿ ದಾಟಬಹುದು. ಮಾರ್ಕರ್ ವಾಲಿಸಿದಾಗ ದ್ರವವೇ ಒಳಗೆ ನುಗ್ಗಿದರಂತೂ ಓ-ರಿಂಗ್‌ಗಳು (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳು), ಸೊಲೆನಾಯ್ಡ್ (ವಿದ್ಯುತ್ತಿನಿಂದ ಗಾಳಿ ಬಿಡುವ ವಾಲ್ವ್) ಹಾಳಾಗುತ್ತವೆ. ಸ್ಪೀಡ್‌ಬಾಲ್‌ಗೆ ಬಳಸುವ ಎಲೆಕ್ಟ್ರಾನಿಕ್ ಮಾರ್ಕರ್‌ಗಳು ಬಹುತೇಕ ಎಲ್ಲವೂ ಒತ್ತಿ ತುಂಬಿದ ಗಾಳಿಗೇ ಮಾಡಿದವು.

ಈಗ ಟ್ಯಾಂಕ್. ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಎರಡು. 48 ಘನ ಇಂಚಿನ, 3000 ಪಿಎಸ್‌ಐ (ಒತ್ತಡದ ಅಳತೆ) ಅಲ್ಯೂಮಿನಿಯಂ ಟ್ಯಾಂಕ್ ಒಂದು. 68 ಘನ ಇಂಚಿನ, 4500 ಪಿಎಸ್‌ಐ ಕಾರ್ಬನ್ ಫೈಬರ್ ಟ್ಯಾಂಕ್ ಇನ್ನೊಂದು. ಒಳಗಿನ ಗಾಳಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಟ್ಯಾಂಕಿನ ಒತ್ತಡ ಇಳಿಸಿ ಮಾರ್ಕರ್‌ಗೆ ಕೊಡುವ ರೆಗ್ಯುಲೇಟರ್ 800 ಪಿಎಸ್‌ಐ ಕೊಡುವಂಥದ್ದಾದರೆ, ಟ್ಯಾಂಕ್ ಅಲ್ಲಿಗೆ ಇಳಿದ ಮೇಲೆ ವೇಗ ಬೀಳತೊಡಗುತ್ತದೆ. ಆದ್ದರಿಂದ ಒತ್ತಡದಲ್ಲಿ 800 ಕಳೆದು ಲೆಕ್ಕ ಹೀಗೆ ಹಾಕಿ: 48 ಅನ್ನು 2200ರಿಂದ ಗುಣಿಸಿ, 68 ಅನ್ನು 3700ರಿಂದ ಗುಣಿಸಿ. ಎರಡನೆಯದು ಮೊದಲನೆಯದರ ಎರಡೂಕಾಲು ಪಟ್ಟಿಗಿಂತ ಜಾಸ್ತಿ. ಚಿಕ್ಕದರಲ್ಲಿ ಸುಮಾರು 500 ಗುಂಡು ಹೊಡೆಯಬಹುದಾದರೆ, ದೊಡ್ಡದರಲ್ಲಿ 1000 ದಾಟುತ್ತದೆ. ಮಾರ್ಕರ್ ಎಷ್ಟು ಗಾಳಿ ಕುಡಿಯುತ್ತದೆ ಅನ್ನುವುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ.

ಹಾಗಂತ ಕಣ್ಣು ಮುಚ್ಚಿಕೊಂಡು ದೊಡ್ಡದನ್ನೇ ತಗೋಬೇಡಿ. ನೀವು ಆಡುವ ಮೈದಾನದಲ್ಲಿ 4500ವರೆಗೆ ತುಂಬಿಕೊಡುತ್ತಾರಾ ಅಂತ ಮೊದಲು ಕೇಳಿ. 3000ಕ್ಕೇ ನಿಲ್ಲಿಸುವ ಕಡೆ ಕಾರ್ಬನ್ ಟ್ಯಾಂಕಿಗೆ ಕೊಟ್ಟ ದುಡ್ಡಿನ ಅರ್ಧ ಲಾಭ ಅಲ್ಲೇ ಹೋಯಿತು. ಪ್ರತಿ ಆಟದ ನಡುವೆ ತುಂಬಿಸಿಕೊಳ್ಳಲು ಆಗುತ್ತದೆ ಅನ್ನುವುದಾದರೆ ಅಲ್ಯೂಮಿನಿಯಂ ಧಾರಾಳವಾಗಿ ಸಾಕು. ಸ್ವಲ್ಪ ತೂಕ ಜಾಸ್ತಿ, ಅಷ್ಟೇ.

ಲೋಡರ್ ಮಾತ್ರ ಬ್ಯಾಟರಿಯದ್ದೇ ಇರಲಿ. ಗುಂಡುಗಳು ತಾವಾಗಿ ಉದುರುವ ಸಾದಾ ಲೋಡರ್ ಎಲೆಕ್ಟ್ರಾನಿಕ್ ಮಾರ್ಕರ್‌ನ ವೇಗಕ್ಕೆ ಸಾಟಿಯಾಗುವುದಿಲ್ಲ. ಗುಂಡನ್ನು ತಳ್ಳಿಕೊಡುವ ಹಳೆಯ ಮಾದರಿಯಾದರೂ ಪರವಾಗಿಲ್ಲ.

ಮಾರ್ಕರ್‌ಗೆ ಬರೋಣ. ಸೆಕೆಂಡ್ ಹ್ಯಾಂಡ್‌ನಲ್ಲಿ ಪ್ಲಾನೆಟ್ ಎಕ್ಲಿಪ್ಸ್ ಈಥಾ 2 ಸಿಕ್ಕರೆ ನಾನು ಬೇರೆ ಕಡೆ ನೋಡುವುದೇ ಇಲ್ಲ. ಡೈ ರೈಝ್, ಎಂಪೈರ್ ಆಕ್ಸ್ ಕೂಡ ಈ ಸಾಲಿನವೇ. ಇವಕ್ಕೆಲ್ಲ ಬ್ರೀಚ್‌ನಲ್ಲಿ (ಗುಂಡು ಬಂದು ಕೂರುವ ಜಾಗ) 'ಐ' ಅಂದರೆ ಸಣ್ಣ ಸೆನ್ಸರ್ ಇರುತ್ತದೆ. ಗುಂಡು ಪೂರ್ತಿ ಕೆಳಗೆ ಬಂದು ಕೂರುವವರೆಗೆ ಅದು ಬೋಲ್ಟ್ (ಗುಂಡನ್ನು ಬ್ಯಾರೆಲ್‌ಗೆ ತಳ್ಳುವ ಭಾಗ) ಮುಂದೆ ಹೋಗಲು ಬಿಡುವುದಿಲ್ಲ. ಹೀಗಾಗಿ ಗುಂಡು ಅರ್ಧಕ್ಕೆ ಕತ್ತರಿಸಿ ಒಳಗೆಲ್ಲ ಪೇಂಟ್ ಆಗುವುದು ತಪ್ಪುತ್ತದೆ. ಈಥಾ 2ರ ಒಳಗಿರುವ ಗಾಮಾ ಕೋರ್ ಬೋಲ್ಟನ್ನೇ ಹಾಕಿದ ಮೆಕ್ಯಾನಿಕಲ್ ಮಾರ್ಕರ್ ಈಮೆಕ್. ಬ್ಯಾಟರಿ ಬೇಡ, ಬೆಲೆಯೂ ಕಡಿಮೆ, ತುಂಬಾ ಗಟ್ಟಿ. ಬಜೆಟ್ ತೀರಾ ಬಿಗಿಯಾಗಿದ್ದರೆ ಅದರಲ್ಲೇ ಶುರು ಮಾಡಿ. ಟ್ರಿಗರ್ ವೇಗದಲ್ಲಿ ಮಾತ್ರ ಹಿಂದೆ ಬೀಳುತ್ತೀರಿ.

ಹಳೆಯದನ್ನು ತಗೊಳ್ಳುವಾಗ ಗಾಳಿ ಹಾಕಿ ತೋರಿಸಲು ಕೇಳಿ. ಫೋಟೋ ನೋಡಿ ದುಡ್ಡು ಕೊಡಬೇಡಿ. ಲೋಡರ್ ತೆಗೆದು, ಮಾಸ್ಕ್ ಹಾಕಿಕೊಂಡೇ, ಟ್ಯಾಂಕ್ ತಿರುಗಿಸಿ ಕೂರಿಸಿ ಸುಮ್ನೆ ಪಕ್ಕದಿಂದ ಕಿವಿಗೊಡಿ. 'ಸ್ಸ್' ಅನ್ನುವ ಸದ್ದು ಬ್ಯಾರೆಲ್ ಕಡೆಯಿಂದ ಬಂದರೆ ಹೆಚ್ಚಾಗಿ ಬೋಲ್ಟ್‌ನ ಓ-ರಿಂಗ್. ಅದು ಚಿಲ್ಲರೆ ಖರ್ಚು, ಗ್ರೀಸ್ ಹಚ್ಚಿ ಹೊಸ ರಿಂಗ್ ಹಾಕಿದರೆ ಮುಗಿಯಿತು. ಸದ್ದು ಹಿಡಿಯ ಒಳಗಿನಿಂದ, ಸೊಲೆನಾಯ್ಡ್ ಹತ್ತಿರದಿಂದ ಬಂದರೆ ಬೆಲೆ ಚೆನ್ನಾಗಿ ಇಳಿಸಿ, ಇಲ್ಲವೇ ಬಿಟ್ಟುಬಿಡಿ. ಸ್ಕ್ರೂಗಳ ತಲೆ ಸವೆದು ಗುಂಡಗಾಗಿದ್ದರೆ ಯಾರೋ ತಿಳಿಯದವರು ಪದೇ ಪದೇ ಬಿಚ್ಚಿದ್ದಾರೆ ಅಂತ ಲೆಕ್ಕ.

ಟ್ಯಾಂಕ್ ಹಳೆಯದಾದರೆ ಅದರ ಮೇಲಿನ ತಾರೀಖು ಓದಿ. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಬೇಕು, ಕಾರ್ಬನ್ ಫೈಬರ್‌ಗೆ ಒಟ್ಟು ಆಯಸ್ಸು 15 ವರ್ಷ ಅಂತ ಇಟ್ಟಿರುತ್ತಾರೆ. ಅವಧಿ ಮೀರಿದ್ದನ್ನು ಯಾವ ಮೈದಾನದಲ್ಲೂ ತುಂಬಿಕೊಡಬಾರದು. ಮತ್ತೆ, ತುಂಬಿಸುವ ನಿಪ್ಪಲ್‌ಗೆ ಎಣ್ಣೆ, ಗ್ರೀಸ್ ಯಾವತ್ತೂ ತಾಗಿಸಬೇಡಿ. ಅಷ್ಟು ಒತ್ತಡದ ಗಾಳಿ ರಭಸದಿಂದ ನುಗ್ಗಿದಾಗ ಅದು ಹೊತ್ತಿಕೊಳ್ಳಬಹುದು. ನಿಧಾನವಾಗಿ ತುಂಬಿಸಿ. ಬೇಗ ತುಂಬಿದರೆ ಟ್ಯಾಂಕ್ ಬಿಸಿಯಾಗುತ್ತದೆ, ತಣ್ಣಗಾದ ಮೇಲೆ ಮೀಟರ್ ಮುಳ್ಳು ಕೆಳಗಿಳಿದಿರುತ್ತದೆ.

ನಿಮ್ಮ ಮೈದಾನದಲ್ಲಿ ಎಷ್ಟು ಪಿಎಸ್‌ಐ ತುಂಬುತ್ತಾರೆ, ಯಾವ ಮಾರ್ಕರ್ ಕಣ್ಣಿಗೆ ಬಿದ್ದಿದೆ ಅಂತ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.