ಇಂಟರ್‌ಸೆಪ್ಟರ್‌ನ ಕೆಫೆ ರೇಸರ್ ಮಾಡಿಸೋದಾದ್ರೆ ಎಲ್ಲಿಂದ ಶುರು?

ಪ್ರಶ್ನೆ: ನನ್ನ ಹತ್ತಿರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇದೆ. ಅದನ್ನು ಕೆಫೆ ರೇಸರ್ (ಬಗ್ಗಿ ಕೂತು ಓಡಿಸುವ, ಹಳೇ ರೇಸ್ ಬೈಕಿನ ಗತ್ತಿನ ಗಾಡಿ) ಮಾಡಿಸುವ ಆಸೆ. ಹಿಂದಿನ ಫ್ರೇಮ್ ಕತ್ತರಿಸಿ ಲೂಪ್ (ಬಾಗಿಸಿದ ಪೈಪು) ವೆಲ್ಡ್ ಮಾಡೋಣ, ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ತೆಗೆದು ಪಾಡ್ ಫಿಲ್ಟರ್ (ಡಬ್ಬಿಯಿಲ್ಲದೆ ಹೊರಗೇ ಕೂರುವ ಫಿಲ್ಟರ್) ಹಾಕೋಣ ಅಂತಾರೆ ಗ್ಯಾರೇಜಿನವರು. ದಿನಾ ಓಡಿಸುವ ಗಾಡಿ. ಏನು ಮಾಡಲಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ಫ್ರೇಮಿಗೆ ಕಟರ್ ಹಚ್ಚಿಸಬೇಡಿ. ಹ್ಯಾಂಡಲ್, ಫುಟ್‌ರೆಸ್ಟ್, ಸೀಟು, ಇವಿಷ್ಟನ್ನು ಒಟ್ಟಿಗೆ ಯೋಚನೆ ಮಾಡಿ.

ಕೆಫೆ ರೇಸರ್ ಶೈಲಿ ಬಂದದ್ದು ಹೇಗೆ ನೋಡಿ. ಐವತ್ತು, ಅರವತ್ತರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಗೆ ಬರುತ್ತಿದ್ದ ಹುಡುಗರಿಗೆ ಗಂಟೆಗೆ 100 ಮೈಲಿ ಮುಟ್ಟುವ ಹುಚ್ಚು. ಎದುರುಗಾಳಿ ತಪ್ಪಿಸಲು ಬಗ್ಗಬೇಕು, ಅದಕ್ಕೇ ಹ್ಯಾಂಡಲ್ ಕೆಳಗೆ ಬಂತು. ಜೊತೆಗೆ ಫುಟ್‌ರೆಸ್ಟೂ ಹಿಂದಕ್ಕೆ ಹೋಯಿತು. ಈಗ ಎಷ್ಟೋ ಜನ ಹ್ಯಾಂಡಲ್ ಮಾತ್ರ ಇಳಿಸಿ ಸುಮ್ಮನಾಗುತ್ತಾರೆ. ಆಗ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಅರ್ಧ ಗಂಟೆಗೆ ಅಂಗೈ ಜೋಮು ಹಿಡಿಯುತ್ತೆ. ರಿಯರ್‌ಸೆಟ್, ಅಂದರೆ ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಹಾಕಿದರೆ ತೊಡೆಯಿಂದ ಟ್ಯಾಂಕ್ ಒತ್ತಿ ಹಿಡಿಯಬಹುದು, ಕೈ ಹಗುರಾಗುತ್ತೆ.

ನಿಮ್ಮ ಗಾಡಿಯ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ) ಪೈಪು 41 ಎಂಎಂ, ಕ್ಲಿಪ್-ಆನ್, ಅಂದರೆ ಆ ಪೈಪಿಗೇ ಬಿಗಿಯುವ ಗಿಡ್ಡ ಹ್ಯಾಂಡಲ್, ಅದೇ ಅಳತೆಯದ್ದು ಬೇಕು. ಬೋಲ್ಟ್ ಪೂರ್ತಿ ಬಿಗಿಯುವ ಮುಂಚೆ ಹ್ಯಾಂಡಲನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ. ಹಿಡಿದ ಕೈಯ ಹೆಬ್ಬೆರಳಿಗೂ ಟ್ಯಾಂಕಿಗೂ ನಡುವೆ ಒಂದು ಬೆರಳಷ್ಟಾದರೂ ಜಾಗ ಇರಲೇಬೇಕು. ಇಲ್ಲದಿದ್ದರೆ ಯು-ಟರ್ನ್ ಹೊಡೆಯುವಾಗ ಹೆಬ್ಬೆರಳು ಸಿಕ್ಕಿಕೊಳ್ಳುತ್ತೆ. ಬ್ರೇಕ್ ಪೈಪು ಎಲ್ಲೂ ಎಳೆದ ಹಾಗೆ ಇರಬಾರದು. ಆಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ಶುರು ಮಾಡಿ, ಐಡಲ್‌ನಲ್ಲೇ ಬಿಟ್ಟು ಮತ್ತೆ ತಿರುಗಿಸಿ. ತಿರುಗಿಸಿದ ಹಾಗೆ ಎಂಜಿನ್ ಸದ್ದು ಏರಿತಾ? ಹಾಗಾದರೆ ಆಕ್ಸಿಲರೇಟರ್ ಕೇಬಲ್ ಜಗ್ಗುತ್ತಿದೆ. ಅದನ್ನು ಸರಿಮಾಡದೆ ಗಾಡಿ ರಸ್ತೆಗೆ ಇಳಿಸಬೇಡಿ.

ಏರ್‌ಬಾಕ್ಸ್ ಮುಟ್ಟಲೇಬೇಡಿ. ಕಾರ್ಬ್ಯುರೇಟರ್ ಕಾಲದಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಿಸಿದರೆ ಆಗುತ್ತಿತ್ತು. ನಿಮ್ಮದು ಫ್ಯುಯೆಲ್ ಇಂಜೆಕ್ಷನ್, ಪೆಟ್ರೋಲ್ ಎಷ್ಟು ಅಂತ ಗಾಡಿಯ ಕಂಪ್ಯೂಟರ್ ನಿರ್ಧರಿಸುತ್ತೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಅಷ್ಟೇ ಇದ್ದರೆ ಎಂಜಿನ್ ಬಿಸಿಯಾಗುತ್ತೆ, ನಿಧಾನದಲ್ಲಿ ಮುಕ್ಕರಿಸುತ್ತೆ. ಮೇಲಾಗಿ ನಿಮ್ಮೂರಿನ ಜುಲೈ ಮಳೆಯಲ್ಲಿ ಪಾಡ್ ಫಿಲ್ಟರ್ ಒದ್ದೆಯಾಗದೆ ಇರುತ್ತಾ? ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ವೈರುಗಳನ್ನೂ ಹಾಗೇ ಬಿಡಲು ಗ್ಯಾರೇಜಿನವರಿಗೆ ಮೊದಲೇ ಹೇಳಿ. ಆಗುಂಬೆ ಘಾಟಿ ಇಳಿಯುವವರಿಗೆ ಅದು ಬೇಕೇ ಬೇಕು.

ಫ್ರೇಮ್ ವಿಷಯದಲ್ಲಿ ಕಾನೂನೂ ಬಿಗಿ ಇದೆ. ಕಂಪನಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಕ್ರಮ ಮಾರ್ಪಾಡು ಒಂದೊಂದಕ್ಕೂ 5000 ರೂಪಾಯಿ ದಂಡ ಬೀಳಬಹುದು. ಫ್ರೇಮ್ ಹಾಗೇ ಇಟ್ಟು, ಅದರ ಮೇಲೆ ಕೂರುವ ಗೂನು ಸೀಟು ಹಾಕಿಸಿದರೂ ಕೆಫೆ ರೇಸರ್ ಗತ್ತು ಬರುತ್ತೆ.

ಇನ್ನೊಂದು ಮಾತು. ಕಾಂಟಿನೆಂಟಲ್ ಜಿಟಿ 650 ನಿಮ್ಮ ಗಾಡಿಯ ಒಡಹುಟ್ಟು, ಕಂಪನಿಯೇ ಮಾಡಿದ ಕೆಫೆ ರೇಸರ್. ಎಂಜಿನ್ ಅದೇ. ದುಡ್ಡು ಹಾಕುವ ಮುಂಚೆ ಶೋರೂಮಿನಲ್ಲಿ ಕೇಳಿ ಅದನ್ನು ಒಂದು ರೌಂಡ್ ಓಡಿಸಿ. ಇಳಿದಾಗ ಮಣಿಕಟ್ಟು ನೋಯುತ್ತಿದ್ದರೆ, ಅದಕ್ಕಿಂತ ಸ್ವಲ್ಪ ಎತ್ತರದ ಹ್ಯಾಂಡಲನ್ನೇ ಆರಿಸಿಕೊಳ್ಳಿ.