ಚಗಳಿ ಚಟ್ನಿ, ಅಖುನಿ, ಮದ್ದು ಪಾಯಸ: ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ: "ದೋಸೆ, ಬಿರಿಯಾನಿ, ಚೋಲೆ ಭಟೂರೆ ಎಲ್ಲ ತಿಂದಾಯ್ತು. ನಮ್ಮ ದೇಶದಲ್ಲಿ ಹೊರಗಿನವರು ಮುಟ್ಟಲು ಹೆದರುವಂಥ ಊಟ ಯಾವುದಿದೆ? ನಾನು ಏನು ಕೊಟ್ಟರೂ ತಿನ್ನುತ್ತೇನೆ. ಎಲ್ಲಿಂದ ಶುರು ಮಾಡಲಿ?"

ನಾನು ಕೊಪ್ಪದ ಕಡೆಯವನು. ಹಾಗಾಗಿ ನಮ್ಮ ಮನೆಯ ಚಗಳಿ ಚಟ್ನಿಯಿಂದಲೇ ಹೇಳುತ್ತೇನೆ.

ಚಗಳಿ ಅಂದರೆ ಮಾವು, ಹಲಸು, ಗೇರು ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಕೆಲವು ಕಡೆ ಕೆಂಜಿಗ ಅಂತಲೂ ಕರೆಯುತ್ತಾರೆ. ಹೊಲಿಯುವುದು ಅಂದರೆ ನಿಜವಾಗಿಯೂ ಹೊಲಿಗೆಯೇ. ಒಂದಷ್ಟು ಇರುವೆ ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಇನ್ನೊಂದಷ್ಟು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತವೆ. ಮರಿಹುಳು ಬಿಡುವ ರೇಷ್ಮೆ ಎಳೆಯಿಂದ ಎಲೆಗೆ ಎಲೆ ಅಂಟಿಸುತ್ತವೆ. ಚಿಕ್ಕವನಿದ್ದಾಗ ಹಿತ್ತಲಿನ ಮಾವಿನ ಮರದ ಕೆಳಗಿನ ಕೊಂಬೆಯಲ್ಲಿ ಇದನ್ನು ನೋಡುತ್ತಾ ನಿಂತು ಶಾಲೆಗೆ ತಡ ಮಾಡಿಕೊಂಡದ್ದಿದೆ.

ಗೂಡು ಕೊಯ್ಯುವುದು ದೊಡ್ಡಪ್ಪನ ಕೆಲಸ. ಬೆಳಗಿನ ಚಳಿಯಲ್ಲಿ ಇರುವೆಗಳು ಇನ್ನೂ ಮಂಕಾಗಿರುತ್ತವೆ. ದೋಟಿಯ ತುದಿಗೆ ಕತ್ತಿ ಕಟ್ಟಿ ಗೂಡನ್ನು ಕೊಯ್ದರೆ, ಕೆಳಗೆ ನಾವು ಬಾಯಿ ಅಗಲಿಸಿ ಹಿಡಿದ ಗೋಣಿಚೀಲಕ್ಕೆ ಬೀಳಬೇಕು. ಗುರಿ ತಪ್ಪಿದರೆ ಕುತ್ತಿಗೆ, ತೋಳು ಎಲ್ಲ ಕಡೆ ಕಚ್ಚಿಸಿಕೊಳ್ಳಬೇಕು. ಕಚ್ಚಿದ ಜಾಗಕ್ಕೆ ಹುಳಿಯನ್ನೂ ಬಿಡುತ್ತವೆ, ಅದಕ್ಕೇ ಅಷ್ಟು ಉರಿ.

ಚೀಲವನ್ನು ಕಾದ ಬಾಣಲೆಗೆ ಕೊಡವಿ ಮುಚ್ಚಳ ಮುಚ್ಚಿದರೆ ಚಟಪಟ ಸದ್ದು. ಮುಚ್ಚಳ ತೆಗೆದಾಗ ಬರುವ ಪರಿಮಳ ನಿಂಬೆ ಸಿಪ್ಪೆ ಹಿಂಡಿದ ಹಾಗೆ. ಮೂಗಿನೊಳಗೆ ಚುರ್ ಅನ್ನುತ್ತದೆ. ಆಮೇಲೆ ಮೊರದಲ್ಲಿ ಕೇರಿ ಎಲೆಚೂರು, ಕಡ್ಡಿ ಎಲ್ಲ ತೆಗೆಯುತ್ತಾರೆ. ಉಳಿಯುವುದು ಕೆಂಪು ಇರುವೆ ಮತ್ತು ಅಕ್ಕಿಕಾಳಿನಂಥ ಬಿಳಿ ಮರಿಗಳು. ಇದಕ್ಕೆ ಜೀರಿಗೆ ಮೆಣಸು, ಬೆಳ್ಳುಳ್ಳಿ, ಉಪ್ಪು, ಒಂದು ಹಿಡಿ ಕಾಯಿತುರಿ ಹಾಕಿ ಒರಳಲ್ಲಿ ರುಬ್ಬುತ್ತಾರೆ. ಹುಣಸೆ ಬೇಡ. ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ. ಮರಿಗಳಿಂದ ಸ್ವಲ್ಪ ಬೆಣ್ಣೆಯಂಥ ಜಿಡ್ಡು ಬರುತ್ತದೆ. ಬಿಸಿ ಅಕ್ಕಿ ರೊಟ್ಟಿಯ ಮೇಲೆ ತುಪ್ಪ ಸವರಿ, ಪಕ್ಕದಲ್ಲಿ ಉಗುರಿನಷ್ಟು ಈ ಚಟ್ನಿ ಇಟ್ಟುಕೊಂಡರೆ ಮೂರು ರೊಟ್ಟಿ ಹೋದದ್ದೇ ಗೊತ್ತಾಗುವುದಿಲ್ಲ. ನೆಗಡಿಗೆ ಒಳ್ಳೆಯದು ಅಂತ ಮನೆಯಲ್ಲಿ ಹೇಳುತ್ತಿದ್ದರು. ನಾನು ಔಷಧಿ ಅಂತ ತಿಂದಿಲ್ಲ, ರುಚಿಗೇ ತಿಂದದ್ದು.

ಒಮ್ಮೆ ಈ ಚಟ್ನಿಯನ್ನು ಡಬ್ಬಿಯಲ್ಲಿ ಬೆಂಗಳೂರಿಗೆ ತಂದಿದ್ದೆ. ರೂಮಿನ ಇಬ್ಬರು ಗೆಳೆಯರಿಗೆ ಕೊಟ್ಟೆ. ಒಬ್ಬ ಮೊಬೈಲ್ ಆನ್ ಮಾಡಿ, ಒಂದು ದೊಡ್ಡ ಚಮಚ ಬಾಯಿಗೆ ಹಾಕಿಕೊಂಡು, ಸಿಂಕಿಗೆ ಓಡಿ ಉಗಿದ. ಇನ್ನೊಬ್ಬ ರೊಟ್ಟಿ ಬೇಯುವವರೆಗೆ ಕಾದು ಕೂತು ತಿಂದ. ಈಗಲೂ ನಾನು ಊರಿಗೆ ಹೊರಟರೆ ಅವನು ಡಬ್ಬಿ ಕೊಟ್ಟು ಕಳಿಸುತ್ತಾನೆ. ನಿಂಬೆ ಉಪ್ಪಿನಕಾಯಿಯನ್ನು ನಾವೇ ಬಟ್ಟಲು ತುಂಬಾ ಹಾಕಿಕೊಂಡು ತಿನ್ನುವುದಿಲ್ಲ, ಅಲ್ವಾ? "ಏನು ಕೊಟ್ಟರೂ ತಿನ್ನುತ್ತೇನೆ" ಅಂದಿದ್ದೀರಿ. ಅದು ಒಳ್ಳೆಯದೇ. ಆದರೆ ಪಂದ್ಯ ಕಟ್ಟಿದ ಹಾಗೆ ತಿನ್ನಬೇಡಿ. ಆ ಮನೆಯವರು ಯಾವುದರ ಜೊತೆ, ಎಷ್ಟು, ಯಾವ ಕಾಲದಲ್ಲಿ ತಿನ್ನುತ್ತಾರೋ ಹಾಗೇ ತಿನ್ನಿ.

ಇದೇ ಇರುವೆಯನ್ನು ಒಡಿಶಾದ ಮಯೂರ್‌ಭಂಜ್ ಜಿಲ್ಲೆಯಲ್ಲಿ 'ಕಾಯಿ' ಅನ್ನುತ್ತಾರೆ. ಅಲ್ಲಿ ಕಾಯಿ ಚಟ್ನಿ ಅಂದರೆ ಇರುವೆ ಚಟ್ನಿ! ನಮ್ಮವರು ತೆಂಗಿನಕಾಯಿ ಅಂದುಕೊಂಡು ಕೈ ಹಾಕಬಾರದು. ಅಲ್ಲಿನ ಸಿಮಿಲಿಪಾಲ್ ಕಾಯಿ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಸುದ್ದಿ ಓದಿದ ದಿನ ನನಗೆ ನಮ್ಮ ಮನೆಯವರಿಗೇ ಪ್ರಶಸ್ತಿ ಬಂದಷ್ಟು ಖುಷಿಯಾಯಿತು. ಛತ್ತೀಸ್‌ಗಢದ ಬಸ್ತರ್‌ನಲ್ಲಿ ಇದು ಚಾಪ್ಡಾ. ವಾರದ ಸಂತೆಯಲ್ಲಿ ಎಲೆ ದೊನ್ನೆಗೆ ಹಾಕಿ ಮಾರುತ್ತಾರೆ.

ಇನ್ನು ವಾಸನೆಯ ವಿಷಯಕ್ಕೆ ಬರೋಣ. ಇರುವೆಗಿಂತ ಜನ ಜಾಸ್ತಿ ಹೆದರುವುದು ವಾಸನೆಗೆ.

ನಾಗಾಲ್ಯಾಂಡ್‌ನ ಸುಮಿ ಜನರ ಅಖುನಿ ಕೇಳಿದ್ದೀರಾ? ಸೋಯಾ ಕಾಳನ್ನು ಮೆತ್ತಗೆ ಬೇಯಿಸಿ, ನೀರು ಬಸಿದು, ಒಲೆಯ ಹತ್ತಿರ ಬೆಚ್ಚಗೆ ಕೆಲವು ದಿನ ಇಡುತ್ತಾರೆ. ಚಳಿಗಾಲದಲ್ಲಿ ಜಾಸ್ತಿ ದಿನ ಬೇಕು. ಕಾಳು ಲೋಳೆಲೋಳೆಯಾಗಿ ಎಳೆ ಬಿಡಲು ಶುರುವಾದಾಗ ಕುಟ್ಟಿ, ಬಾಳೆಎಲೆಯಲ್ಲಿ ಕಟ್ಟಿ ಒಲೆಯ ಮೇಲಿನ ಹೊಗೆಗೆ ಇಡುತ್ತಾರೆ. ನಾನು ಒಂದು ಡಿಸೆಂಬರ್‌ನಲ್ಲಿ ಕೊಹಿಮಾಕ್ಕೆ ಹೋಗಿದ್ದೆ. ಉಳಿದುಕೊಂಡಿದ್ದ ಮನೆಯಲ್ಲಿ ಆ ಎಲೆಕಟ್ಟು ಬಿಚ್ಚಿದಾಗ ಮೊದಲು ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ. ಮರುಕ್ಷಣ ನೆನಪಾದದ್ದು ನಮ್ಮ ಅಟ್ಟದ ಒಣಮೀನಿನ ಡಬ್ಬ. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ರಾಜಾ ಮಿರ್ಚಿ ಅನ್ನುವ ಭಾರೀ ಖಾರದ ಮೆಣಸಿನಕಾಯಿ, ಅಖುನಿ, ನೀರು, ಉಪ್ಪು, ಅಷ್ಟೇ ಹಾಕಿ ಕುದಿಸಿದರು. ಎಣ್ಣೆ ಇಲ್ಲ, ಮಸಾಲೆ ಇಲ್ಲ. ಪಾತ್ರೆ ಕುದಿಯುತ್ತಾ ಹೋದ ಹಾಗೆ ಆ ಗಬ್ಬು ಕರಗಿ, ಹುರಿದ ಕಡಲೆಯಂಥ ಗಟ್ಟಿ ರುಚಿ ಉಳಿಯಿತು. ಬಿಸಿ ಅನ್ನಕ್ಕೆ ಕಲಸಿ ತಿಂದೆ. ಎರಡನೇ ಸಲ ಬಡಿಸಿಕೊಂಡೆ.

ಹೀಗೆ ಹುಳಿ ಬರಿಸಿದ ಸೋಯಾ ಕಾಳಿಗೆ ಸುತ್ತಮುತ್ತ ಎಷ್ಟು ಹೆಸರು ನೋಡಿ. ಮಣಿಪುರದಲ್ಲಿ ಹವಾಯ್‌ಜಾರ್, ಮೇಘಾಲಯದಲ್ಲಿ ತುಂಗ್ರಿಂಬೈ, ಮಿಜೋರಾಂನಲ್ಲಿ ಬೆಕಾಂಗ್, ಸಿಕ್ಕಿಂನಲ್ಲಿ ಕಿನೆಮಾ. ಕಾಳು ಒಂದೇ ಆದರೂ ಮೂಲವಿಧಾನದಲ್ಲಿ ಸಣ್ಣಸಣ್ಣ ಬದಲಾವಣೆ ಇದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದಿಂದ ಬಂದ ವಿದ್ಯಾರ್ಥಿಗಳಿಗಾಗಿ ಒಂದು ಕಿರುಪುಸ್ತಕ ಹೊರತಂದಿದ್ದರು. ಬಿದಿರು ಕಳಲೆ, ಅಖುನಿಯಂಥ ವಾಸನೆಯ ಅಡುಗೆಯನ್ನು ನೆರೆಹೊರೆಯಲ್ಲಿ ಗಲಾಟೆ ಆಗದ ಹಾಗೆ ಮಾಡಿಕೊಳ್ಳಿ ಅಂತ ಅದರಲ್ಲಿ ಸಲಹೆ ಇತ್ತು. ಇದನ್ನು ಓದಿದಾಗ ನನಗೆ ಸಿಟ್ಟೂ ಬಂತು, ಬೇಜಾರೂ ಆಯಿತು. ಕಳಲೆ ನಮ್ಮ ಮನೆಯ ಮಳೆಗಾಲದ ಪಲ್ಯ. ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ನಾನು ಒಣಸಿಗಡಿ ಹುರಿದಾಗ ಮನೆ ಮಾಲೀಕರು ಬಾಗಿಲಿಗೆ ಬಂದು, ಇನ್ನೊಮ್ಮೆ ಹೀಗಾದರೆ ಖಾಲಿ ಮಾಡಿ ಅಂದಿದ್ದರು. ತನ್ನ ಊಟದ ವಾಸನೆಗೆ ಕಿಟಕಿ ಮುಚ್ಚಿಕೊಂಡು ಬೇಯಿಸುವುದು ಎಷ್ಟು ನೋವಿನ ಕೆಲಸ ಅಂತ ಮಾಡಿದವರಿಗೆ ಗೊತ್ತು. ನೀವು ಯಾರ ಮನೆಯಲ್ಲಿ ತಿನ್ನುತ್ತೀರೋ ಅವರೆದುರು ದಯವಿಟ್ಟು ಮೂಗು ಮುಚ್ಚಬೇಡಿ. ಸೇರದಿದ್ದರೆ "ಸ್ವಲ್ಪ ಸಾಕು" ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೀವು ಸಸ್ಯಾಹಾರಿಯೋ ಅಲ್ಲವೋ ಹೇಳಿಲ್ಲ. ಸಸ್ಯಾಹಾರಿಯಾದರೆ ಉತ್ತರಾಖಂಡಕ್ಕೆ ಹೋಗಿ. ಗಢವಾಲ್‌ನಲ್ಲಿ ಕಂಡಾಲಿ ಅನ್ನುವ ಸೊಪ್ಪಿದೆ. ಮುಟ್ಟಿದರೆ ಕೈ ಚೇಳು ಕಡಿದ ಹಾಗೆ ಉರಿಯುತ್ತದೆ. ಎಳೆಯ ಕುಡಿಗಳನ್ನು ಇಕ್ಕಳದಲ್ಲಿ ಹಿಡಿದು ಕೊಯ್ದು, ಬೇಯಿಸಿ, ಅರೆದು ಸಾರಿನ ಹಾಗೆ ಮಾಡುತ್ತಾರೆ. ಬೆಂದ ಮೇಲೆ ಒಂದು ಚೂರೂ ತುರಿಸುವುದಿಲ್ಲ. ಕಡು ಹಸಿರು ಬಣ್ಣ, ಪಾಲಕ್‌ಗಿಂತ ಗಾಢ ರುಚಿ. ಜೊತೆಗೆ ಭಾಂಗ್ ಬೀಜದ ಚಟ್ನಿ ಕೇಳಿ. ಹೆಸರು ಕೇಳಿ ಹೆದರಬೇಡಿ, ಬೀಜದಲ್ಲಿ ಅಮಲಿಲ್ಲ. ಹುರಿದು ಅರೆದರೆ ನಮ್ಮ ಹುಚ್ಚೆಳ್ಳು ಚಟ್ನಿಯ ನೆಂಟನ ಹಾಗಿರುತ್ತದೆ.

ಹೊರಡುವ ಮುಂಚೆ ನಾಲ್ಕು ಎಚ್ಚರಿಕೆ. ಸಿಗಡಿ, ಏಡಿ ತಿಂದರೆ ನಿಮಗೆ ಅಲರ್ಜಿ ಆಗುತ್ತದೆಯಾ? ಹಾಗಿದ್ದರೆ ಇರುವೆ, ರೇಷ್ಮೆಹುಳು ಯಾವುದೂ ಬೇಡ. ಅವುಗಳಲ್ಲೂ ಅದೇ ಜಾತಿಯ ಪ್ರೋಟೀನ್ ಇದೆ. ಹಸಿ ಕಳಲೆ ತಂದು ಸುಮ್ನೆ ಹುರಿದು ತಿನ್ನಬೇಡಿ, ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ. ನಮ್ಮಲ್ಲಿ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟು ಚೆನ್ನಾಗಿ ಬೇಯಿಸುತ್ತಾರೆ. ಕೆಸುವಿನ ಸೊಪ್ಪಿಗೂ ಹುಳಿ ಮತ್ತು ಪೂರ್ತಿ ಬೇಯುವುದು ಎರಡೂ ಬೇಕು. ಒಮ್ಮೆ ಅವಸರದಲ್ಲಿ ಅರೆಬೆಂದ ಪತ್ರೊಡೆ ತಿಂದು ರಾತ್ರಿಯಿಡೀ ಗಂಟಲು ಕೆರೆದು ಒದ್ದಾಡಿದ್ದೇನೆ. ಮತ್ತೆ, ಯಾರಾದರೂ ಗುಟ್ಟಾಗಿ ಕಾಡುಪ್ರಾಣಿಯ ಮಾಂಸ ಇದೆ ಅಂದರೆ ಬೇಡ ಅನ್ನಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾನೂನು ಪಕ್ಕಕ್ಕಿಟ್ಟರೂ ಕಾಡಲ್ಲಿ ಉಳಿದಿರುವುದೇ ಕಡಿಮೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನನ್ನ ಉತ್ತರ: ಕೊಡಗು, ಆಗಸ್ಟ್ 3.

ಕೊಡವರ ಕಕ್ಕಡ ತಿಂಗಳ 18ನೇ ದಿನ ಅದು. ಜಡಿಮಳೆ, ನಾಟಿಯ ಕಾಲ. ಅಲ್ಲಿ ಮದ್ದು ಸೊಪ್ಪು ಅನ್ನುವ ಗಿಡ ಬೇಲಿಬದಿಯಲ್ಲಿ ಬೆಳೆಯುತ್ತದೆ. ಆ ದಿನಕ್ಕೆ ಅದರಲ್ಲಿ 18 ಬಗೆಯ ಔಷಧಿ ತುಂಬಿಕೊಳ್ಳುತ್ತದೆ ಅನ್ನುವುದು ಅವರ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ನೇರಳೆಹಣ್ಣಿನ ರಸದ ಹಾಗೆ ಕಪ್ಪಾಗುತ್ತದೆ. ಅದನ್ನು ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿದರೆ ಪಾಯಸ. ಅಕ್ಕಿತರಿ ಹಾಕಿ ಬೇಯಿಸಿದರೆ ಮದ್ದ್ ಪುಟ್ಟ್. ಮೇಲೆ ತುಪ್ಪವೋ ಜೇನೋ. ಮಡಿಕೇರಿ ಹತ್ತಿರ ಗೆಳೆಯನ ಮನೆಯಲ್ಲಿ ಮೊದಲ ಸಲ ತಿಂದಾಗ ಹೊರಗೆ ಮಳೆ ಸುರಿಯುತ್ತಲೇ ಇತ್ತು, ತಟ್ಟೆ ತುಂಬಾ ಕಡು ನೇರಳೆ. ನಾಲಿಗೆಗೆ ಮೊದಲು ಬೆಲ್ಲ, ಆಮೇಲೆ ಹಸಿ ಸೊಪ್ಪಿನ ಘಮ. ವರ್ಷದಲ್ಲಿ ಒಂದೇ ದಿನ ಸಿಗುವ ಊಟ, ಸಸ್ಯಾಹಾರಿಗಳಿಗೂ ಸಲ್ಲುತ್ತದೆ.

ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಬರುತ್ತದೆ. ಅದು ರಕ್ತ ಅಲ್ಲ, ಸೊಪ್ಪಿನ ಬಣ್ಣ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.