ಹಳೇ ಕಾಂಕ್ರೀಟಿಗೆ ಹೊಸದು ಹಿಡಿದಿದೆಯೇ?

ಪ್ರಶ್ನೆ: ಹಳೆಯ ಸೇತುವೆಯೊಂದರ ಡೆಕ್ (ವಾಹನ ಓಡಾಡುವ ಹಾಸು) ಮೇಲೆ 40 ಮಿ.ಮೀ. ಯುಎಚ್‌ಪಿಸಿ (ಉಕ್ಕಿನ ನಾರು ಬೆರೆಸಿದ ಅತಿ ಗಟ್ಟಿ ಕಾಂಕ್ರೀಟು) ಹಾಸಿದ್ದಾರೆ. 28 ದಿನ ಕಳೆದ ಮೇಲೆ ಮೂರು ಕಡೆ ಪುಲ್-ಆಫ್ ಟೆಸ್ಟ್ (ದುಂಡಗೆ ಕೊರೆದ ಕೋರಿನ ಮೇಲೆ ಉಕ್ಕಿನ ಬಿಲ್ಲೆ ಅಂಟಿಸಿ, ಕಿತ್ತುಬರುವವರೆಗೆ ಎಳೆಯುವುದು) ಮಾಡಿದಾಗ 1.9, 2.1 ಮತ್ತು 0.6 ಎಂಪಿಎ (ಮೆಗಾಪಾಸ್ಕಲ್) ಬಂತು. ಸರಾಸರಿ 1.53, ಟೆಂಡರ್ ಕೇಳಿದ್ದು 1.5. ಪಾಸ್ ಎನ್ನುತ್ತಾರೆ ಗುತ್ತಿಗೆದಾರರು. ಸಹಿ ಹಾಕಬಹುದೇ? — ಸೈಟ್ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಈಗಲೇ ಹಾಕಬೇಡಿ. ಮೊದಲು ಆ ಮೂರು ತುಂಡುಗಳನ್ನು ತರಿಸಿ, ಮಗುಚಿ ನೋಡಿ. ಎಲ್ಲಿ ಮುರಿದಿದೆ ಎಂದು ಗೊತ್ತಿಲ್ಲದೆ ಈ ಅಂಕಿಗಳಿಗೆ ಅರ್ಥವಿಲ್ಲ. ಈ ಟೆಸ್ಟಿನ ಅಮೆರಿಕನ್ ಮಾನದಂಡ ಎಎಸ್‌ಟಿಎಂ ಸಿ1583 ಕೂಡ ವರದಿಯಲ್ಲಿ ಮುರಿದ ಜಾಗ ಬರೆಯಲು ಹೇಳುತ್ತದೆ.

ತುಂಡಿನ ಕೆಳಗೆ ಹಳೇ ಕಾಂಕ್ರೀಟು ದಪ್ಪವಾಗಿ ಅಂಟಿಕೊಂಡು, ಜಲ್ಲಿಯೂ ಸೀಳಿದ್ದರೆ ಸೋತದ್ದು ಹಳೇ ಕಾಂಕ್ರೀಟು. ಬೆಸುಗೆ, ಅಂದರೆ ಹಳತು-ಹೊಸದು ಕೂಡಿದ ಜಾಗ, ಕನಿಷ್ಠ ಅಷ್ಟು ತಡೆದಿದೆ. ಕೆಳಮೈ ನುಣ್ಣಗೆ ಬೂದು ಬಣ್ಣಕ್ಕಿದ್ದು, ಬೆರಳಾಡಿಸಿದರೆ ಬಿಳಿ ಪುಡಿ ಅಂಟಿದರೆ ಬೆಸುಗೆಯೇ ಬಿಟ್ಟಿದೆ, ಧೂಳು ತೆಗೆಯದೆ ಹಾಸಿರಬಹುದು. ಸಣ್ಣ ದುಂಡು ಗುಳಿಗಳು ಕಂಡರೆ ಗಾಳಿ ಸಿಕ್ಕಿಕೊಂಡಿತ್ತು. ಇನ್ನೊಂದು ಮೋಸವಿದೆ: ಎರಡು-ಮೂರು ಮಿ.ಮೀ. ಹಳೇ ಕಾಂಕ್ರೀಟು ಮಾತ್ರ ಎದ್ದುಬಂದು ಬಲ ಕಡಿಮೆಯಿದ್ದರೆ, ಹಾಸುವ ಮೊದಲು ಮೇಲ್ಮೈ ಕೀಳಲು ಬಳಸಿದ ಬ್ರೇಕರ್ ಯಂತ್ರದ ಏಟಿಗೆ ಹಳೇ ಮೈಯೊಳಗೆ ಕೂದಲೆಳೆ ಬಿರುಕು ಬಿದ್ದಿರುವ ಸಾಧ್ಯತೆಯೇ ಹೆಚ್ಚು. ವರದಿಯಲ್ಲಿ ಅದು ‘ಹಳೇ ಕಾಂಕ್ರೀಟಿನಲ್ಲಿ ಮುರಿದಿದೆ’ ಎಂದು ಚೆನ್ನಾಗಿಯೇ ಕಾಣುತ್ತದೆ.

ನಿಮ್ಮ 0.6 ಬೆಸುಗೆಯಲ್ಲೇ ಬಿಟ್ಟಿದ್ದರೆ ಅದನ್ನು ಉಳಿದೆರಡರ ಜೊತೆ ಕೂಡಿ ಭಾಗಿಸುವುದು ತಪ್ಪು. ಆ ಜಾಗದ ಸುತ್ತ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುವಲ್ಲಿ ಸುಣ್ಣದ ಗೆರೆ ಎಳೆಸಿ. ಗೆರೆಯ ಒಳಗೂ ಹೊರಗೂ ಮತ್ತೆ ಕೋರ್ ತೆಗೆಸಿ.

ಟೆಸ್ಟೇ ಕೆಟ್ಟಿರಬಹುದು, ಅದನ್ನೂ ನೋಡಿ. 50 ಮಿ.ಮೀ. ಕೋರ್ ಬೆಸುಗೆ ದಾಟಿ ಹಳೇ ಕಾಂಕ್ರೀಟಿನೊಳಗೆ ಕನಿಷ್ಠ 10 ಮಿ.ಮೀ. ಇಳಿಯಬೇಕು, ನಾವು 25 ಇಳಿಸಿ ಎನ್ನುತ್ತೇವೆ. ಯುಎಚ್‌ಪಿಸಿಯ ಉಕ್ಕಿನ ನಾರು ಕೊರೆಯುವಾಗ ಯಂತ್ರ ಅಲುಗಿದರೆ ಎಳೆಯುವ ಮೊದಲೇ ಬೆಸುಗೆ ಅರ್ಧ ಬಿಟ್ಟಿರುತ್ತದೆ. ಸ್ಟ್ಯಾಂಡನ್ನು ಡೆಕ್ಕಿಗೆ ಬೋಲ್ಟ್ ಹಾಕಿ ಬಿಗಿಸಿ, ನೀರು ಬಿಡುತ್ತಾ ನಿಧಾನ ಕೊರೆಯಿರಿ. ಉಕ್ಕಿನ ಬಿಲ್ಲೆ 25 ಮಿ.ಮೀ.ಗಿಂತ ತೆಳ್ಳಗಿದ್ದರೆ ಬಾಗಿ, ಅಂಚಿನಿಂದ ಸೀಳುತ್ತದೆ. ಎಳೆತ ಸೆಕೆಂಡಿಗೆ ಸುಮಾರು 35 ಕಿಲೋಪಾಸ್ಕಲ್, ಅಂದರೆ 50 ಮಿ.ಮೀ. ಕೋರಿನ ಮೇಲೆ 70 ನ್ಯೂಟನ್‌ನಷ್ಟು. 2 ಎಂಪಿಎ ಮುಟ್ಟಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯಬೇಕು. ಹತ್ತು ಸೆಕೆಂಡಿನಲ್ಲಿ ಮುಗಿಸಿದ ಟೆಸ್ಟನ್ನು ಒಪ್ಪಬೇಡಿ. ಬಿಲ್ಲೆ ಅಂಟಿಸಿದ ಎಪಾಕ್ಸಿ ಅಂಟು ಮೊದಲೇ ಬಿಟ್ಟರೆ ಅದನ್ನು ಬದಿಗಿಟ್ಟು ಬೇರೆ ಕೋರ್ ತೆಗೆಯಿರಿ.

ಪ್ರಶ್ನೆ: ಲ್ಯಾಬಿನ ಸ್ಲ್ಯಾಂಟ್ ಶಿಯರ್ ಟೆಸ್ಟಿನಲ್ಲಿ (ಓರೆ ಬೆಸುಗೆಯ ಸಿಲಿಂಡರನ್ನು ಮೇಲಿಂದ ಅದುಮಿ ಮುರಿಯುವುದು) 11 ಎಂಪಿಎ, ಸೈಟಿನ ಪುಲ್-ಆಫ್‌ನಲ್ಲಿ 1.7 ಮಾತ್ರ. ಯಾವುದನ್ನು ನಂಬುವುದು? — ಸಿವಿಲ್ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಎರಡೂ ಸರಿ, ಅಳೆಯುವುದು ಬೇರೆ ಬೇರೆ. 75 ಮಿ.ಮೀ. ಸಿಲಿಂಡರಿನಲ್ಲಿ ಬೆಸುಗೆ ಅಕ್ಷಕ್ಕೆ 30 ಡಿಗ್ರಿ ಓರೆಯಾಗಿರುತ್ತದೆ, ಹಾಗಾಗಿ ಅದರ ವಿಸ್ತೀರ್ಣ ಅಡ್ಡಕೊಯ್ತದ ಎರಡರಷ್ಟು, ಸುಮಾರು 8,836 ಚದರ ಮಿ.ಮೀ. 100 ಕಿಲೋನ್ಯೂಟನ್‌ಗೆ ಮುರಿದರೆ 11.3 ಎಂಪಿಎ ಎಂದು ಬರೆಯುತ್ತಾರೆ. ಅದರೊಳಗೆ ಜಾರಿಸುವ ಒತ್ತಡ 9.8, ಜೊತೆಗೆ 5.7 ಎಂಪಿಎ ಆ ಎರಡೂ ಮೈಗಳನ್ನು ಒತ್ತಿ ಹಿಡಿದಿರುತ್ತದೆ. ಒತ್ತಿ ಹಿಡಿದಾಗ ಮೈ ಒರಟಾಗಿದ್ದರೆ ಘರ್ಷಣೆಯೇ ಬಹುಪಾಲು ಹೊರುತ್ತದೆ, ಬೆಸುಗೆಯ ದೋಷ ಮುಚ್ಚಿಹೋಗುತ್ತದೆ. ಡೆಕ್ಕಿನ ಅಂಚಿನಲ್ಲಿ ಹೊಸ ಪದರ ಕುಗ್ಗಿ ಮೇಲೇಳಲು ನೋಡುವಾಗ ಒತ್ತಿ ಹಿಡಿಯುವವರು ಯಾರೂ ಇಲ್ಲ. ಇಂಥ ಮೇಲ್ಪದರಕ್ಕೆ ಪುಲ್-ಆಫ್ ಅಂಕಿಯನ್ನೇ ಹಿಡಿಯಿರಿ.

ಪ್ರಶ್ನೆ: ಯುಎಚ್‌ಪಿಸಿ ಹಾಸುವ ಮೊದಲು ಹಳೇ ಕಾಂಕ್ರೀಟಿಗೆ ಎಪಾಕ್ಸಿ ಬಳಿಯಬೇಕೇ? — ಗುತ್ತಿಗೆದಾರರು, ಶಿವಮೊಗ್ಗ

ಉತ್ತರ: ಬೇಕಿಲ್ಲ, ನೀರು ಸಾಕು. ಯುಎಚ್‌ಪಿಸಿಯಲ್ಲಿ ನೀರು ಬೈಂಡರಿನ (ಸಿಮೆಂಟು ಮತ್ತು ಅದರ ಜೊತೆ ಗಟ್ಟಿಯಾಗುವ ಪುಡಿಗಳ) ಐದನೇ ಒಂದು ಭಾಗದಷ್ಟೇ. ಒಣಗಿದ ಹಳೇ ಕಾಂಕ್ರೀಟು ಅದನ್ನೂ ಹೀರಿದರೆ ಬೆಸುಗೆಯಲ್ಲಿ ಗಟ್ಟಿಯಾಗದ ಪುಡಿ ಉಳಿಯುತ್ತದೆ. ಅಧಿಕ ಒತ್ತಡದ ನೀರಿನಿಂದ ಹಳೇ ಮೈ ಮೇಲಿನ ಸಿಮೆಂಟ್ ಕೆನೆ ಕಿತ್ತು, ಜಲ್ಲಿ ಕಾಣಿಸುವಂತೆ ಮಾಡಿ. ಹಿಂದಿನ ದಿನವೇ ಒದ್ದೆ ಗೋಣಿಚೀಲ ಹೊದಿಸಿ 24 ಗಂಟೆ ಬಿಡಿ. ಹಾಸುವ ಮುಂಚೆ ನಿಂತ ನೀರನ್ನು ಎಣ್ಣೆಯಿಲ್ಲದ ಗಾಳಿಯಿಂದ ಊದಿಸಿ. ಮೈ ಕಪ್ಪಗಿರಬೇಕು, ಹೊಳೆಯಬಾರದು. ಅಂಗೈ ಇಟ್ಟರೆ ತಂಪು ತಾಗಬೇಕು, ನೀರು ಅಂಟಬಾರದು.

ಅದಕ್ಕೂ ಮೊದಲು, ಸಿದ್ಧಪಡಿಸಿದ ಹಳೇ ಮೈಯನ್ನೇ ಎರಡು-ಮೂರು ಕಡೆ ಎಳೆದು ನೋಡಿ. ಅದೇ 1.2ಕ್ಕೆ ಕಿತ್ತುಬಂದರೆ, ಮೇಲೆ ಎಂಥ ದುಬಾರಿ ಮಿಶ್ರಣ ಹಾಸಿದರೂ 1.5 ಬರುವುದಿಲ್ಲ. ಗಟ್ಟಿ ಕಾಂಕ್ರೀಟು ಸಿಗುವವರೆಗೆ ಇನ್ನಷ್ಟು ಕೀಳಿಸಿ.